ತುಮಕೂರಿನ ಸಣ್ಣ ವ್ಯಾಪಾರಕ್ಕೆ ಯಾವ ಪ್ರಚಾರ: ರೇಡಿಯೋನಾ, ಮೊಬೈಲಾ?

ಹೊಸದಾಗಿ ಅಂಗಡಿ ಇಟ್ಟವರಿಗೆ ಸಲಹೆಗೇನೂ ಬರ ಇರುವುದಿಲ್ಲ. ಒಬ್ಬರು ‘ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ಸ್ ಹಾಕಿ’ ಅನ್ನುತ್ತಾರೆ. ಇನ್ನೊಬ್ಬರು ‘ರೇಡಿಯೋದಲ್ಲಿ ಕೊಡಿ, ಹಳ್ಳಿ ಕಡೆಯವರು ಕೇಳ್ತಾರೆ’ ಅನ್ನುತ್ತಾರೆ. ಅಕ್ಕನ ಮಗ ಬಂದು ‘ಗೂಗಲ್ ಮ್ಯಾಪ್‌ನಲ್ಲಿ ಇಲ್ಲದ ಅಂಗಡಿ ಅಂಗಡಿಯೇ ಅಲ್ಲ’ ಎಂದು ತೀರ್ಪು ಕೊಟ್ಟು ಹೋಗುತ್ತಾನೆ. ಮೂವರೂ ಹೇಳುವುದು ನಿಜವೇ. ಆದರೆ ಮೂವರ ತಲೆಯಲ್ಲಿ ಇರುವುದು ಬೇರೆ ಬೇರೆ ಅಂಗಡಿ.

ತುಮಕೂರನ್ನೇ ತೆಗೆದುಕೊಳ್ಳಿ. ಅಂತರಸನಹಳ್ಳಿ ಹತ್ತಿರ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರು, ಎಸ್.ಎಸ್. ಪುರಂನಲ್ಲಿ ಬ್ಲೌಸ್ ಹೊಲಿಯುವವರು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್ ನಡೆಸುವವರು. ಇವರಿಗೆಲ್ಲ ಒಂದೇ ಪ್ರಚಾರ ಹೇಗೆ ಹೊಂದುತ್ತೆ? ಮೋಟಾರ್ ಸುಟ್ಟ ರೈತ ಅವತ್ತೇ ಬರಬೇಕು, ಬೆಳೆ ಒಣಗುತ್ತಿರುತ್ತದೆ. ಬ್ಲೌಸ್ ಹೊಲಿಸುವವರು ನಾಲ್ಕು ಡಿಸೈನ್ ನೋಡಿ, ಮದುವೆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರುತ್ತಾರೆ. ಹೆದ್ದಾರಿಯಲ್ಲಿ ಕಾರು ಓಡಿಸುವವನಿಗೆ ಹಸಿವಾದಾಗ ಮುಂದಿನ ಐದು ಕಿಲೋಮೀಟರ್‌ನಲ್ಲಿ ಏನು ಸಿಗುತ್ತೆ ಅನ್ನುವುದಷ್ಟೇ ಮುಖ್ಯ.

ಹಾಗಾಗಿ ಯಾವ ಮಾಧ್ಯಮ ಚೆನ್ನ ಅಂತ ಕೇಳುವ ಮೊದಲು, ನಿಮ್ಮ ಗಿರಾಕಿ ಯಾವ ಗಳಿಗೆಯಲ್ಲಿ ತೀರ್ಮಾನ ಮಾಡುತ್ತಾನೆ ಅಂತ ಯೋಚಿಸಿ. ನಾನು ನೋಡಿದ ಹಾಗೆ ರೇಡಿಯೋ ಹೆಸರನ್ನು ನೆನಪಿನಲ್ಲಿ ಕೂರಿಸುತ್ತದೆ. ಗೂಗಲ್ ಅವಸರದಲ್ಲಿ ಇರುವವರನ್ನು ಕರೆತರುತ್ತದೆ. ಇನ್‌ಸ್ಟಾಗ್ರಾಮ್ ಆಸೆ ಹುಟ್ಟಿಸುತ್ತದೆ. ವಾಟ್ಸಾಪ್ ಒಮ್ಮೆ ಬಂದವರನ್ನು ಉಳಿಸಿಕೊಳ್ಳುತ್ತದೆ. ಒಂದರ ಕೆಲಸವನ್ನು ಇನ್ನೊಂದರ ಕೈಲಿ ಮಾಡಿಸಲು ಹೋದಾಗಲೇ ದುಡ್ಡು ಪೋಲಾಗುವುದು.

ರೇಡಿಯೋ ಅಂದರೆ ಯಾವ ರೇಡಿಯೋ?

ನಮ್ಮ ಊರಲ್ಲಿ ‘ರೇಡಿಯೋ ಜಾಹೀರಾತು’ ಅಂದ ಕೂಡಲೇ ಬೆಂಗಳೂರಿನ ಎಫ್‌ಎಂ ನೆನಪಾಗುತ್ತದೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದೇ ಬೆಂಗಳೂರಿನಲ್ಲಿ. ಅಲ್ಲಿಂದೀಚೆಗೆ ಎಷ್ಟೋ ಸ್ಟೇಷನ್‌ಗಳು ಬಂದವು. ಅವು ತುಮಕೂರಿನಲ್ಲಿ ಕೆಲವು ಕಡೆ ಕೇಳಿಸುತ್ತವೆ, ಕೆಲವು ಕಡೆ ಕರಕರ ಅನ್ನುತ್ತವೆ. ಕೇಳಿಸಿದರೂ ಏನು? ನೀವು ದುಡ್ಡು ಕೊಡುವುದು ವೈಟ್‌ಫೀಲ್ಡ್‌ನಿಂದ ಕೆಂಗೇರಿಯವರೆಗೆ ಟ್ರಾಫಿಕ್‌ನಲ್ಲಿ ಕೂತಿರುವವರ ಕಿವಿಗೆ. ಅವರಲ್ಲಿ ಯಾರೂ ಹೊರಪೇಟೆಗೆ ಬಂದು ಪಾತ್ರೆ ತಗೊಳ್ಳುವುದಿಲ್ಲ. ದೇವರಾಯನದುರ್ಗದ ಕಡೆ ಹೋಂ ಸ್ಟೇ ಇಟ್ಟಿದ್ದೀರಾ, ಶನಿವಾರ ಭಾನುವಾರ ಬೆಂಗಳೂರಿನವರೇ ಬರಬೇಕಾ? ಆಗ ಮಾತ್ರ ಈ ದಾರಿ ಯೋಚಿಸಬಹುದು. ಉಳಿದವರು ಬಿಟ್ಟುಬಿಡಿ.

ಆಕಾಶವಾಣಿ ಬೆಂಗಳೂರು ಇನ್ನೊಂದು ಥರ. ಮೀಡಿಯಂ ವೇವ್‌ನ 612 ಕಿಲೋಹರ್ಟ್ಸ್ ಪಾವಗಡದ ಹೊಲದ ತನಕ ಹೋಗುತ್ತದೆ. ಕೃಷಿ ಕಾರ್ಯಕ್ರಮ ಕೇಳುವ ಹಿರಿಯರು ಈಗಲೂ ಇದ್ದಾರೆ. ಜಿಲ್ಲೆಯ ಹತ್ತೂ ತಾಲೂಕಿನಲ್ಲಿ ಡೀಲರ್ ಇರುವ ಬೀಜದ ಕಂಪನಿಗೆ, ಹನಿ ನೀರಾವರಿ ಸಾಮಾನು ಮಾರುವವರಿಗೆ ಅದು ಸರಿ. ಒಂದೇ ಅಂಗಡಿ ಇರುವವರಿಗೆ ಅಷ್ಟು ದೂರದ ದನಿ ಬೇಡ.

ಉಳಿದದ್ದು ಸಮುದಾಯ ರೇಡಿಯೋ, ಅಂದರೆ ಒಂದು ಊರು ಮತ್ತು ಸುತ್ತಲಿನ ಹಳ್ಳಿಗಳಿಗಾಗಿ ಸಂಸ್ಥೆಗಳು ನಡೆಸುವ ಸಣ್ಣ ಎಫ್‌ಎಂ ಸ್ಟೇಷನ್. ಸಣ್ಣ ವ್ಯಾಪಾರಿಗೆ ರೇಡಿಯೋ ಅಂದರೆ ಇದೇ. ತುಮಕೂರಿನಲ್ಲಿ ಸಿದ್ಧಾರ್ಥ ಶಿಕ್ಷಣ ಸಂಸ್ಥೆಯವರ ರೇಡಿಯೋ ಸಿದ್ಧಾರ್ಥ 90.8 ಇದೆ. ಇಂಥ ಸ್ಟೇಷನ್‌ಗಳಿಗೆ ಸರ್ಕಾರ 2002ರಲ್ಲಿ ಮೊದಲು ಶಿಕ್ಷಣ ಸಂಸ್ಥೆಗಳಿಗೆ ಅಂತ ಬಾಗಿಲು ತೆರೆಯಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಕೊಟ್ಟಿತು. ಲಾಭಕ್ಕೆ ನಡೆಸುವ ಹಾಗಿಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿಯೇ ತಯಾರಾಗಬೇಕು.

ಈ ವಿಷಯದಲ್ಲಿ ಕೋಲಾರ ಜಿಲ್ಲೆ ಕಾನೂನಿಗಿಂತ ಮುಂದೆ ಇತ್ತು. ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ, ಅಂದರೆ ಹೈದರಾಲಿ ಹುಟ್ಟಿದ ಊರಲ್ಲಿ, ‘ನಮ್ಮ ಧ್ವನಿ’ ಅನ್ನುವ ಸಮುದಾಯ ರೇಡಿಯೋ ಶುರುವಾದಾಗ ಹಳ್ಳಿಯ ಗುಂಪುಗಳಿಗೆ ಎಫ್‌ಎಂ ಲೈಸೆನ್ಸ್ ಸಿಗುವ ಹಾಗೇ ಇರಲಿಲ್ಲ. ಅವರು ಕೇಬಲ್ ಟಿವಿ ತಂತಿಯಲ್ಲೇ ದನಿ ಕಳಿಸಿ ಮನೆಮನೆಗೆ ಮುಟ್ಟಿಸಿದರು. ಊರಿನವರೇ ಊರಿನವರಿಗೆ ಮಾತಾಡಿದರೆ ಕೇಳುತ್ತಾರೆ ಅನ್ನುವುದು ಅಲ್ಲೇ ಗೊತ್ತಾಗಿತ್ತು.

ಜಾಹೀರಾತಿನ ಲೆಕ್ಕಕ್ಕೆ ಬರೋಣ. 2006ರ ನಿಯಮದಲ್ಲೇ ಸ್ಥಳೀಯ ವ್ಯಾಪಾರ, ಸ್ಥಳೀಯ ಸೇವೆ, ಊರಿನ ಸಮಾರಂಭ, ಕೆಲಸದ ಅವಕಾಶ ಇವುಗಳ ಬಗ್ಗೆ ಸೀಮಿತ ಜಾಹೀರಾತಿಗೆ ಒಪ್ಪಿಗೆ ಇದೆ. ಅಂದರೆ ಈ ಸಮಯ ಇರುವುದೇ ನಿಮ್ಮಂಥ ಅಂಗಡಿಗೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಗಂಟೆಗೆ 7 ನಿಮಿಷ ಇದ್ದ ಜಾಹೀರಾತು ಸಮಯವನ್ನು 12 ನಿಮಿಷಕ್ಕೆ ಏರಿಸಿತು. ಸರ್ಕಾರಿ ಜಾಹೀರಾತಿಗೆ 10 ಸೆಕೆಂಡಿಗೆ 52 ರೂಪಾಯಿ ಇದ್ದ ದರವನ್ನು 74 ಮಾಡಿತು. ಖಾಸಗಿಯವರಿಗೆ ಎಷ್ಟು ಅನ್ನುವುದು ಸ್ಟೇಷನ್‌ನಲ್ಲಿ ಕೂತು ಮಾತಾಡುವ ವಿಷಯ. ಅಂದಾಜಿಗೆ ಇದೇ ದರ ಇಟ್ಟುಕೊಂಡರೆ 30 ಸೆಕೆಂಡಿನ ಒಂದು ಜಾಹೀರಾತಿಗೆ 222 ರೂಪಾಯಿ. ದಿನಕ್ಕೆ 4 ಸಲ, 15 ದಿನ ಅಂದರೆ 60 ಸಲ, ಒಟ್ಟು 13,320 ರೂಪಾಯಿ. 20 ಸೆಕೆಂಡಿಗೆ ಇಳಿಸಿದರೆ 8,880. ಮಾತು ಕಡಿಮೆ ಮಾಡಿದರೆ ನಾಲ್ಕು ಸಾವಿರಕ್ಕೂ ಜಾಸ್ತಿ ಉಳಿಯಿತು, ಅಲ್ವಾ?

ಈಗ ಮಿತಿ. ಸಮುದಾಯ ರೇಡಿಯೋದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಸುತ್ತ 10ರಿಂದ 15 ಕಿಲೋಮೀಟರ್ ಚೆನ್ನಾಗಿ ಕೇಳಿಸುತ್ತದೆ. ಗುಡ್ಡ ಅಡ್ಡ ಬಂದರೆ ಅಷ್ಟೂ ಇಲ್ಲ. ಗುಬ್ಬಿಯೇ ನಮ್ಮಿಂದ ಸುಮಾರು 20 ಕಿಲೋಮೀಟರ್ ದೂರ. ಹಾಗಾಗಿ ‘ಇಡೀ ಜಿಲ್ಲೆಗೆ ಕೇಳಿಸುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಎಫ್‌ಎಂ ಸೆಟ್ ಹಿಡಿದು ನಿಮ್ಮ ಗಿರಾಕಿಗಳು ಇರುವ ಹಳ್ಳಿಗೆ ಹೋಗಿ ಹಚ್ಚಿ ನೋಡಿ. ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಇನ್ನೊಂದು ತೊಡಕು ಮೊಬೈಲ್ ಫೋನಿನದು. ಹಳೆ ಬಟನ್ ಫೋನ್‌ಗಳಲ್ಲಿ ಎಫ್‌ಎಂ ಇರುತ್ತಿತ್ತು. ಹೊಸ ಸ್ಮಾರ್ಟ್‌ಫೋನ್‌ಗಳಲ್ಲಿ ಎಷ್ಟೋ ಕಡೆ ಅದನ್ನು ತೆಗೆದುಬಿಟ್ಟಿದ್ದಾರೆ. ಫೋನಿನಲ್ಲಿ ಎಫ್‌ಎಂ ಇಡಿ ಅಂತ 2023ರಲ್ಲಿ ಸರ್ಕಾರವೇ ಕಂಪನಿಗಳಿಗೆ ಹೇಳಬೇಕಾಯಿತು. ಇದ್ದರೂ ಸಾಮಾನ್ಯವಾಗಿ ಇಯರ್‌ಫೋನ್ ತಂತಿ ಚುಚ್ಚದೆ ಹಿಡಿಯುವುದಿಲ್ಲ, ಆ ತಂತಿಯೇ ಆಂಟೆನಾ. ಹಾಗಾದರೆ ಕೇಳುವವರು ಯಾರು? ಅಡುಗೆಮನೆಯಲ್ಲಿ ಸೆಟ್ ಇಟ್ಟವರು, ಟೈಲರ್ ಅಂಗಡಿಯವರು, ಕ್ಷೌರದ ಅಂಗಡಿಯವರು, ಆಟೋದವರು, ತೋಟದಲ್ಲಿ ಕೆಲಸ ಮಾಡುವವರು, ಓದು ಬಾರದ ಹಿರಿಯರು. ಕೈ ಕೆಲಸದಲ್ಲಿದ್ದು ಕಿವಿ ಖಾಲಿ ಇರುವವರು. ಇವರಲ್ಲಿ ನಿಮ್ಮ ಗಿರಾಕಿ ಇದ್ದಾನಾ? ಒಂದು ವಾರ ಅಂಗಡಿಗೆ ಬಂದವರನ್ನೆಲ್ಲ ‘ರೇಡಿಯೋ ಕೇಳ್ತೀರಾ, ಯಾವ ಹೊತ್ತಲ್ಲಿ?’ ಅಂತ ಕೇಳಿ. ಹತ್ತರಲ್ಲಿ ಒಬ್ಬರೂ ಹೂಂ ಅನ್ನದಿದ್ದರೆ ಅಲ್ಲಿಗೆ ಮುಗಿಯಿತು.

ರೇಡಿಯೋದಲ್ಲಿ ಏನು ಹೇಳಬೇಕು

ಜಾಸ್ತಿ ಜನ ಎಡವುವುದು ಇಲ್ಲೇ. ಫ್ಲೆಕ್ಸ್‌ನಲ್ಲಿ ಬರೆಸಿದ್ದನ್ನೇ ರೇಡಿಯೋದಲ್ಲಿ ಓದಿಸುತ್ತಾರೆ. ‘ಗ್ರಾಹಕರ ಗಮನಕ್ಕೆ, ಅತ್ಯುತ್ತಮ ಗುಣಮಟ್ಟದ ಎಣ್ಣೆಗಳು ಯೋಗ್ಯ ದರದಲ್ಲಿ ದೊರೆಯುತ್ತವೆ, ಒಮ್ಮೆ ಭೇಟಿ ಕೊಡಿ’, ಆಮೇಲೆ ಹತ್ತು ಅಂಕಿಯ ಮೊಬೈಲ್ ನಂಬರ್ ಎರಡು ಸಲ. ಒಗ್ಗರಣೆ ಹಾಕುತ್ತಾ ಕೇಳುವವರು ನಂಬರ್ ಎಲ್ಲಿ ಬರೆದುಕೊಳ್ಳುತ್ತಾರೆ? ರೇಡಿಯೋದಲ್ಲಿ ನಂಬರ್‌ಗಿಂತ ಗುರುತು ಮುಖ್ಯ. ಯಾವ ಗೇಟು, ಯಾವ ದೇವಸ್ಥಾನದ ಎದುರು, ಯಾವ ಬಸ್ ಸ್ಟಾಪ್ ಪಕ್ಕ.

ಕಣ್ಣೆದುರೇ ಗಾಣ ಆಡಿಸಿ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಕೊಡುವ ಒಂದು ಅಂಗಡಿ ಇದೆ ಅಂದುಕೊಳ್ಳಿ. ನಾನಾದರೆ 20 ಸೆಕೆಂಡಿಗೆ ಹೀಗೆ ಬರೆಯುತ್ತೇನೆ:

(ಗಾಣ ತಿರುಗುವ ಸದ್ದು)
‘ಏನಮ್ಮ, ಚಟ್ನಿಪುಡಿ ಇವತ್ತು ಇಷ್ಟು ಘಮ್ ಅಂತಿದೆ?’
‘ಪುಡಿ ಅದೇ ಕಣೋ. ಮೇಲೆ ಹಾಕಿರೋ ಎಣ್ಣೆ ಬೇರೆ. ಶಿರಾ ಗೇಟ್ ಬಸ್ ಸ್ಟಾಪ್ ಎದುರು ಗಾಣ ಇದೆಯಲ್ಲ, ಅಲ್ಲಿಂದ ತಂದೆ.’
‘ಯಾವ ಗಾಣ?’
‘ಹಸಿರು ಬಾಗಿಲಿಂದು. ನಮ್ಮ ಕಾಯಿ ನಾವೇ ತಗೊಂಡು ಹೋದ್ರೂ ಆಡಿಸಿ ಕೊಡ್ತಾರೆ.’

ಇಷ್ಟೇ. ಬೆಲೆ ಹೇಳಿಲ್ಲ, ನಂಬರ್ ಹೇಳಿಲ್ಲ, ‘ಅತ್ಯುತ್ತಮ’ ಅನ್ನುವ ಮಾತೇ ಇಲ್ಲ. ಅಂಗಡಿ ಹೆಸರು ಸ್ಟೇಷನ್‌ನವರು ಕೊನೆಯಲ್ಲಿ ಒಂದು ಸಲ ಹೇಳಿದರೆ ಸಾಕು. ಕೇಳಿದವರಿಗೆ ಮೂರು ವಿಷಯ ಉಳಿಯುತ್ತದೆ: ಶಿರಾ ಗೇಟು, ಹಸಿರು ಬಾಗಿಲು, ನಮ್ಮ ಕಾಯಿಯನ್ನೂ ಆಡಿಸಿಕೊಡುತ್ತಾರೆ ಅನ್ನುವುದು. ತೆಂಗು ಬೆಳೆಯುವ ಜಿಲ್ಲೆಯಲ್ಲಿ ಆ ಕೊನೆಯ ಮಾತಿಗೇ ಅರ್ಧ ಗಿರಾಕಿಗಳು ಬರುತ್ತಾರೆ. ದನಿಯೂ ನಮ್ಮ ಕಡೆಯದೇ ಇರಲಿ. ಬೆಂಗಳೂರಿನ ಆರ್‌ಜೆ ಥರ ಅರಚುವುದು ಬೇಡ.

ಒಂದೇ ದಿನ ಇಪ್ಪತ್ತು ಸಲ ಹಾಕಿಸುವುದೂ ದಂಡ. ರೇಡಿಯೋ ಕೆಲಸ ಮಾಡುವುದು ಪದೇ ಪದೇ, ಅದೇ ಹೊತ್ತಿಗೆ ಕೇಳಿಸಿದಾಗ. ದಿನಕ್ಕೆ ನಾಲ್ಕು ಸಲದಂತೆ ಹದಿನೈದು ದಿನ ಕೊಡಿ. ಹಬ್ಬಕ್ಕೆ ಮೂರು ವಾರ ಮೊದಲು ಶುರು ಮಾಡಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸೀರೆ ಜಾಹೀರಾತು ಕೇಳಿ ಯಾರೂ ಓಡಿ ಬರುವುದಿಲ್ಲ, ಅಷ್ಟು ಹೊತ್ತಿಗೆ ಸೀರೆಗೆ ಫಾಲ್ ಹಾಕಿ ಆಗಿರುತ್ತದೆ.

ದುಡ್ಡು ಕೊಡದೆ ರೇಡಿಯೋಗೆ ಹೋಗುವ ದಾರಿಯೂ ಇದೆ. ಸಮುದಾಯ ರೇಡಿಯೋದವರಿಗೆ ಪ್ರತಿದಿನ ಮಾತಾಡುವವರು ಬೇಕು. ಔಷಧಿ, ಗೊಬ್ಬರದ ಅಂಗಡಿಯವರಾದರೆ ತೆಂಗಿನ ಕಪ್ಪು ತಲೆ ಹುಳುವಿನ ಬಗ್ಗೆ ಹದಿನೈದು ನಿಮಿಷ ತಿಳಿದದ್ದು ಹೇಳಿ. ಟೈಲರ್ ಆದರೆ ಹಳೆ ಸೀರೆಯಲ್ಲಿ ಮಕ್ಕಳ ಲಂಗ ಹೊಲಿಯುವುದನ್ನು ಹೇಳಿ. ಅಲ್ಲಿ ನಿಮ್ಮ ಅಂಗಡಿಯ ಮಾಲು ಹೊಗಳಲು ಹೋಗಬಾರದು, ಸ್ಟೇಷನ್‌ನವರೂ ಬಿಡುವುದಿಲ್ಲ. ಕೇಳಿದವರು ಮಾತು ಸರಿ ಅನಿಸಿದರೆ ಹುಡುಕಿಕೊಂಡು ಬರುತ್ತಾರೆ. ಇದು 13 ಸಾವಿರದ ಜಾಹೀರಾತಿಗಿಂತ ಹೆಚ್ಚು ನಂಬಿಕೆ ತರುತ್ತದೆ ಅಂತ ನನಗೆ ಅನಿಸುತ್ತದೆ.

ವಾಟ್ಸಾಪ್: ಎಲ್ಲರ ಹತ್ತಿರ ಇದೆ, ಸರಿಯಾಗಿ ಬಳಸುವವರು ಕಡಿಮೆ

ಒಂದೇ ಒಂದು ಸಾಧನ ಇಟ್ಟುಕೊಳ್ಳಿ ಅಂದರೆ ನಾನು ವಾಟ್ಸಾಪ್ ಬಿಸಿನೆಸ್ ಅನ್ನೇ ಆರಿಸುತ್ತೇನೆ. ದುಡ್ಡಿಲ್ಲ. ಕಲಿಯಲು ಅರ್ಧ ದಿನ ಸಾಕು. ಸಾಮಾನಿನ ಫೋಟೋ ಮತ್ತು ಬೆಲೆ ಇಡಲು ಕ್ಯಾಟಲಾಗ್ ಇದೆ. ಅಂಗಡಿ ಮುಚ್ಚಿದಾಗ ತಾನಾಗಿ ಉತ್ತರ ಹೋಗುವ ವ್ಯವಸ್ಥೆ ಇದೆ. ‘ಆರ್ಡರ್ ಬಂದಿದೆ’, ‘ಬಾಕಿ ಇದೆ’ ಅಂತ ಚೀಟಿ ಅಂಟಿಸಿಕೊಳ್ಳಬಹುದು. ಮನೆ ನಂಬರ್ ಬೇರೆ, ಅಂಗಡಿ ನಂಬರ್ ಬೇರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಭಾವನ ಮದುವೆ ಫೋಟೋಗಳ ಮಧ್ಯೆ ಉದ್ದಿನಬೇಳೆ ದರ ಹುಡುಕಬೇಕಾಗುತ್ತದೆ.

ಗ್ರೂಪ್ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಪ್ಪಿಗೆ ಕೇಳದೆ ಇನ್ನೂರು ಜನರನ್ನು ಗ್ರೂಪ್‌ಗೆ ಸೇರಿಸಿದರೆ ಮೊದಲ ದಿನವೇ ಐವತ್ತು ಜನ ಹೊರಗೆ ಹೋಗುತ್ತಾರೆ, ಉಳಿದವರು ಗುಡ್ ಮಾರ್ನಿಂಗ್ ಚಿತ್ರ ಹಾಕುತ್ತಾರೆ. ಒಬ್ಬ ಗಿರಾಕಿಯ ನಂಬರ್ ಇನ್ನೊಬ್ಬರಿಗೆ ಕಾಣುವುದು ಹೆಣ್ಣುಮಕ್ಕಳಿಗೆ ಇಷ್ಟವೂ ಆಗುವುದಿಲ್ಲ. ಅದರ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟಿಗೆ 256 ಜನರನ್ನು ಸೇರಿಸಬಹುದು. ಸಂದೇಶ ಒಬ್ಬೊಬ್ಬರಿಗೆ ಬೇರೆಯಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರ್ ಅನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ತಲುಪುತ್ತದೆ. ಇದು ಗೊತ್ತಿಲ್ಲದೆ ‘ಕಳಿಸಿದೆ, ಯಾರೂ ಉತ್ತರ ಕೊಡಲಿಲ್ಲ’ ಅನ್ನುವವರು ತುಂಬ ಜನ. ಬಿಲ್ ಕೊಡುವಾಗಲೇ ‘ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಮಾಲು ಬಂದಾಗ ತಿಳಿಸ್ತೀವಿ’ ಅಂತ ಹೇಳಿ ಮಾಡಿಸಿ. ಗಲ್ಲಾ ಪಕ್ಕದಲ್ಲಿ ನಿಮ್ಮ ವಾಟ್ಸಾಪ್‌ನ ಕ್ಯೂಆರ್ ಕೋಡ್ ಅಂಟಿಸಿ.

ಲಿಸ್ಟ್‌ನಲ್ಲಿ ವಾರಕ್ಕೆ ಒಂದೇ ಸಂದೇಶ. ಉಳಿದ ದಿನ ಸ್ಟೇಟಸ್ ಹಾಕಿ. ಅದು 24 ಗಂಟೆಯಲ್ಲಿ ಅಳಿಸಿಹೋಗುತ್ತದೆ, ಯಾರಿಗೂ ಕಿರಿಕಿರಿ ಇಲ್ಲ, ಬೇಕಾದವರು ನೋಡುತ್ತಾರೆ. ಯಾರ್ಯಾರು ನೋಡಿದರು ಅಂತಲೂ ಸಾಮಾನ್ಯವಾಗಿ ಗೊತ್ತಾಗುತ್ತದೆ. ಬೆಳಗ್ಗೆ ಬಂದ ಸೊಪ್ಪು, ಈಗ ತಾನೇ ಇಳಿಸಿದ ಹೋಳಿಗೆ, ಇವತ್ತು ಹೊಲಿದು ಮುಗಿದ ಬ್ಲೌಸ್. ಫೋಟೋ ಮೇಲೆ ಬೆಲೆ ಬರೆಯಿರಿ. ಓದಲು ಕಷ್ಟ ಅನ್ನುವ ಗಿರಾಕಿಗಳಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಅದು ರೇಡಿಯೋದಷ್ಟೇ ಕೆಲಸ ಮಾಡುತ್ತದೆ, ಖರ್ಚಿಲ್ಲ.

ವಾಟ್ಸಾಪ್‌ನ ದೊಡ್ಡ ಕೊರತೆ ಒಂದೇ. ಅದು ಹೊಸಬರನ್ನು ತರುವುದಿಲ್ಲ. ನಿಮ್ಮನ್ನು ಈಗಾಗಲೇ ಬಲ್ಲವರಿಗೆ ಮಾತ್ರ ಅದು ಮುಟ್ಟುತ್ತದೆ. ಹೊಸಬರಿಗೆ ಬೇರೆ ಬಾಗಿಲು ಬೇಕು.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್

ಕಣ್ಣಿಗೆ ಚೆಂದ ಕಾಣುವ ಮಾಲಿಗೆ ಇನ್‌ಸ್ಟಾಗ್ರಾಮ್. ಸೀರೆ ಕುಚ್ಚು, ಆರಿ ಕೆಲಸ, ಕೇಕ್, ಮೆಹಂದಿ, ನರ್ಸರಿ ಗಿಡ, ಹಬೆಯಾಡುವ ತಟ್ಟೆ ಇಡ್ಲಿ ಮೇಲೆ ಕರಗುವ ಬೆಣ್ಣೆ. ಇವು ನಡೆಯುತ್ತವೆ. ಹಾರ್ಡ್‌ವೇರ್, ಪಶು ಆಹಾರ, ಜೆರಾಕ್ಸ್ ಅಂಗಡಿಯವರು ರೀಲ್ಸ್ ಮಾಡಿಕೊಂಡು ಕೂತರೆ ಸುಮ್ನೆ ಕಾಲಹರಣ.

ಇಲ್ಲಿ ಜನ ಮೋಸ ಹೋಗುವುದು ವ್ಯೂಸ್ ಲೆಕ್ಕಕ್ಕೆ. ಒಂದು ರೀಲ್ ಐವತ್ತು ಸಾವಿರ ಜನ ನೋಡಿದರು ಅಂತ ಖುಷಿ. ಅದರಲ್ಲಿ ಹುಬ್ಬಳ್ಳಿಯವರು, ದುಬೈನವರು ಎಷ್ಟು? ಇಡ್ಲಿ ತಿನ್ನಲು ಅವರು ಬರುತ್ತಾರಾ? ಖಾತೆಯನ್ನು ಪ್ರೊಫೆಷನಲ್ ಮಾಡಿಕೊಂಡರೆ ನೋಡಿದವರು ಯಾವ ಊರಿನವರು ಅಂತ ತೋರಿಸುತ್ತದೆ. ಅದರಲ್ಲಿ ತುಮಕೂರು ಮೇಲೆ ಬಂದಿದೆಯಾ ನೋಡಿ. ಕೊರಿಯರ್‌ನಲ್ಲಿ ಕಳಿಸುವ ಕುಚ್ಚು, ಚಟ್ನಿಪುಡಿಯವರಿಗೆ ಮಾತ್ರ ಹೊರ ಊರಿನವರು ನೋಡಿದ್ದೂ ಲಾಭವೇ.

ದುಡ್ಡು ಹಾಕಿ ಬೂಸ್ಟ್ ಮಾಡುವುದಾದರೆ, ಅಂದರೆ ಪೋಸ್ಟ್ ಹೆಚ್ಚು ಜನರಿಗೆ ಕಾಣುವ ಹಾಗೆ ಮಾಡುವುದಾದರೆ, ‘ಕರ್ನಾಟಕ’ ಅಂತ ಆರಿಸಬೇಡಿ. ಮ್ಯಾಪ್ ಮೇಲೆ ನಿಮ್ಮ ಅಂಗಡಿಗೆ ಪಿನ್ ಚುಚ್ಚಿ, ಸುತ್ತ ಕೆಲವೇ ಕಿಲೋಮೀಟರ್ ಇಟ್ಟುಕೊಳ್ಳಿ. ಗುರಿ ಕೇಳುವಾಗ ‘ಮೆಸೇಜ್ ಬರಲಿ’ ಅನ್ನುವುದನ್ನು ಆರಿಸಿ, ಲೈಕ್ ಅಲ್ಲ. ದಿನಕ್ಕೆ 200 ರೂಪಾಯಿಯಂತೆ 5 ದಿನ ಅಂದರೆ ಸಾವಿರ, ಮೇಲೆ ಶೇ 18 ಜಿಎಸ್‌ಟಿ ಸೇರಿ 1,180. ಅಷ್ಟಕ್ಕೆ ಎಷ್ಟು ಮೆಸೇಜ್ ಬಂತು, ಎಷ್ಟು ಜನ ಕೊಂಡರು ಅಂತ ನೋಡಿ, ಆಮೇಲೆ ಮುಂದಿನ ಸಾವಿರ. ಫೋಟೋ ಕೆಳಗೆ ‘ಪ್ರೈಸ್ ಪ್ಲೀಸ್’ ಅಂತ ಕೇಳಿಸಿಕೊಂಡು ‘ಇನ್‌ಬಾಕ್ಸ್ ಮಾಡಿ’ ಅನ್ನುವ ಆಟ ಬೇಡ. ಬೆಲೆ ಬರೆದುಬಿಡಿ.

ಹಾಡಿನ ವಿಷಯದಲ್ಲಿ ಹುಷಾರು. ಸಿನಿಮಾ ಹಾಡನ್ನು ಅಂಗಡಿ ಪ್ರಚಾರಕ್ಕೆ ಹಾಕಿಕೊಳ್ಳುವ ಹಕ್ಕು ನಮಗಿಲ್ಲ. ಬಿಸಿನೆಸ್ ಖಾತೆಗೆ ಎಷ್ಟೋ ಹಾಡುಗಳು ಸಿಗುವುದೂ ಇಲ್ಲ. ಹೊಲಿಗೆ ಯಂತ್ರದ ಸದ್ದು, ದೋಸೆ ಹುಯ್ಯುವ ಸದ್ದು ಸಾಕು, ಅದೇ ಚೆನ್ನಾಗಿರುತ್ತದೆ. ‘ಫುಡ್ ಬ್ಲಾಗರ್’ ಅಂತ ಬಂದು ದುಡ್ಡು ಕೇಳುವವರಿಗೆ ಕೊಡುವ ಮೊದಲು ಅವರ ಹಿಂದಿನ ವಿಡಿಯೋಗಳ ಕಮೆಂಟ್ ಓದಿ, ಊರಿನವರು ಇದ್ದಾರಾ ನೋಡಿ. ದುಡ್ಡು ತೆಗೆದುಕೊಂಡು ಹೊಗಳಿದರೆ ಅದನ್ನು ವಿಡಿಯೋದಲ್ಲೇ ಹೇಳಬೇಕು ಅಂತ 2023ರಲ್ಲಿ ಕೇಂದ್ರ ಗ್ರಾಹಕ ಇಲಾಖೆ ಮಾರ್ಗಸೂಚಿ ಹೊರಡಿಸಿದೆ.

ಫೇಸ್‌ಬುಕ್ ಹಳೆಯದಾಯ್ತು ಅಂತ ಹುಡುಗರು ನಗುತ್ತಾರೆ. ನಲವತ್ತು ದಾಟಿದವರು, ಮೇಷ್ಟ್ರುಗಳು, ಸೈಟು ಮತ್ತು ಟ್ರ್ಯಾಕ್ಟರ್ ಕೊಳ್ಳುವವರು ಇನ್ನೂ ಅಲ್ಲೇ ಇದ್ದಾರೆ. ಸೆಕೆಂಡ್ ಹ್ಯಾಂಡ್ ಗಾಡಿ, ಪೀಠೋಪಕರಣ, ಕೃಷಿ ಯಂತ್ರದವರು ಅದನ್ನು ಬಿಡಬೇಡಿ.

ಒಂದು ಮಾತು ನೆನಪಿರಲಿ. 2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ, ಅಲ್ಲಿ ಹಿಂಬಾಲಕರನ್ನು ಕಟ್ಟಿಕೊಂಡಿದ್ದವರೆಲ್ಲ ಬರಿಗೈಯಾದರು. ಖಾತೆ ನಮ್ಮದು ಅನಿಸುತ್ತದೆ, ಜಾಗ ಬೇರೆಯವರದು. ಗಿರಾಕಿಗಳ ಹೆಸರು, ನಂಬರ್ ಒಂದು ಪುಸ್ತಕದಲ್ಲಿ ಬರೆದಿಡಿ.

ಗೂಗಲ್ ಮ್ಯಾಪ್

ಇದರಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ. ಉಚಿತ, ಎಲ್ಲರೂ ಮಾಡಬೇಕು. ಒಂದು ಸಲ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ, ಅವರು ಕೇಳಿದರೆ ಅಂಗಡಿಯ ವಿಡಿಯೋ ತೆಗೆದು ಪರಿಶೀಲನೆ ಮುಗಿಸಿದರೆ ಆಯಿತು. ಅಂಗಡಿಯ ಬೋರ್ಡಿನಲ್ಲಿ ಇರುವ ಹೆಸರನ್ನೇ ಹಾಕಿ. ಹೆಸರಿನ ಜೊತೆ ‘ಬೆಸ್ಟ್ ತಟ್ಟೆ ಇಡ್ಲಿ ಇನ್ ತುಮಕೂರು’ ಅಂತ ಬಾಲ ಅಂಟಿಸಿದರೆ ಪ್ರೊಫೈಲನ್ನೇ ತಡೆಹಿಡಿಯಬಹುದು.

ಹೆದ್ದಾರಿ ಪಕ್ಕದವರು ಪಿನ್ ಎಲ್ಲಿ ಬಿದ್ದಿದೆ ಅಂತ ನೋಡಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನಿಂದ ಬರುವಾಗ ಒಂದು ಕಡೆ, ಹೋಗುವಾಗ ಇನ್ನೊಂದು ಕಡೆ. ಸರ್ವಿಸ್ ರಸ್ತೆಗೆ ಎಲ್ಲಿ ಇಳಿಯಬೇಕು ಅಂತ ಗೊತ್ತಾಗದಿದ್ದರೆ ಹಸಿದವನು ಮುಂದೆ ಹೋಗಿಬಿಡುತ್ತಾನೆ. ಬೆಲೆ ಇರುವ ಮೆನು ಫೋಟೋ, ವಾರದ ರಜೆ, ಹಬ್ಬದ ದಿನದ ಸಮಯ ಹಾಕಿ. ಕೆಟ್ಟ ರಿವ್ಯೂ ಬಂದರೆ ಜಗಳ ಬೇಡ, ಎರಡು ಸಾಲು ಉತ್ತರ ಕೊಡಿ. ‘ನಿಮ್ಮ ಅಂಗಡಿಯನ್ನು ಗೂಗಲ್‌ನಿಂದ ತೆಗೆದುಹಾಕ್ತೀವಿ, ದುಡ್ಡು ಕಟ್ಟಿ’ ಅಂತ ಫೋನ್ ಬಂದರೆ ಇಟ್ಟುಬಿಡಿ. ಪ್ರೊಫೈಲ್ ಇಟ್ಟುಕೊಳ್ಳಲು ಗೂಗಲ್ ದುಡ್ಡು ಕೇಳುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಮೋಟಾರ್ ರಿವೈಂಡಿಂಗ್, ಬೋರ್‌ವೆಲ್ ರಿಪೇರಿ, ಟ್ರ್ಯಾಕ್ಟರ್ ಮೆಕ್ಯಾನಿಕ್: ರೇಡಿಯೋ ಮತ್ತು ಗೂಗಲ್. ಬೇಸಿಗೆಗೆ ಮೊದಲೇ ರೇಡಿಯೋದಲ್ಲಿ ಹೆಸರು ಬಿತ್ತಿ. ಮೋಟಾರ್ ಸುಟ್ಟ ದಿನ ಅಪ್ಪನಿಗೆ ಹೆಸರು ನೆನಪಾಗುತ್ತದೆ, ಮಗ ಫೋನಿನಲ್ಲಿ ನಂಬರ್ ಹುಡುಕುತ್ತಾನೆ. ಈ ಜೋಡಿ ನಮ್ಮ ಕಡೆ ಚೆನ್ನಾಗಿ ನಡೆಯುತ್ತದೆ.

ಕ್ಯಾತ್ಸಂದ್ರದ ಹೋಟೆಲಿಗೆ ಗೂಗಲ್ ಮೊದಲು, ಆಮೇಲೆ ಇನ್‌ಸ್ಟಾಗ್ರಾಮ್. ರೇಡಿಯೋ ಬೇಡವೇ ಬೇಡ, ತುಮಕೂರಿನವರಿಗೆ ಇಡ್ಲಿ ಎಲ್ಲಿ ಸಿಗುತ್ತೆ ಅಂತ ಹೇಳಿಕೊಡಬೇಕಾಗಿಲ್ಲ. ಬ್ಲೌಸ್, ಕುಚ್ಚಿನವರಿಗೆ ಇನ್‌ಸ್ಟಾಗ್ರಾಮ್ ಮತ್ತು ವಾಟ್ಸಾಪ್ ಸ್ಟೇಟಸ್. ಬಡಾವಣೆಯ ದಿನಸಿ ಅಂಗಡಿಗೆ ವಾಟ್ಸಾಪ್ ಒಂದೇ ಸಾಕು.

ಮನೆಯಲ್ಲೇ ಚಟ್ನಿಪುಡಿ, ಹಪ್ಪಳ, ಸಿರಿಧಾನ್ಯದ ಹಿಟ್ಟು ಮಾಡುವ ಸ್ವಸಹಾಯ ಸಂಘದವರ ವಿಷಯ ಸ್ವಲ್ಪ ಬೇರೆ. ಅವರಿಗೆ ರೇಡಿಯೋ ಸಂದರ್ಶನ ಬಹಳ ಒಳ್ಳೆಯದು, ಆರ್ಡರ್ ಹಿಡಿಯಲು ವಾಟ್ಸಾಪ್ ಇರಲಿ. ಪ್ರಚಾರಕ್ಕೆ ಮೊದಲು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, 14 ಅಂಕಿಯ ನಂಬರ್ ಪೊಟ್ಟಣದ ಮೇಲೆ ಹಾಕಿ. ಹೇಳುವ ಮಾತಿನಲ್ಲೂ ಎಚ್ಚರ ಬೇಕು. ‘ನಮ್ಮ ನವಣೆ ತಿಂದರೆ ಸಕ್ಕರೆ ಕಾಯಿಲೆ ವಾಸಿ’ ಅಂತ ರೇಡಿಯೋದಲ್ಲಾಗಲಿ ಸ್ಟೇಟಸ್‌ನಲ್ಲಾಗಲಿ ಹೇಳುವ ಹಾಗಿಲ್ಲ. ಮಧುಮೇಹ ವಾಸಿ ಮಾಡುತ್ತೇವೆ ಅನ್ನುವ ಔಷಧಿ ಜಾಹೀರಾತಿಗೆ 1954ರ ಕಾಯ್ದೆಯಲ್ಲೇ ತಡೆ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ. ‘ನಮ್ಮ ನವಣೆ ಇದೇ ವರ್ಷದ ಬೆಳೆ, ಕಲ್ಲಿಲ್ಲ’ ಅನ್ನಿ. ಕೊಳ್ಳುವವರಿಗೆ ಬೇಕಾದ್ದೂ ಅದೇ.

ಕೈಯಲ್ಲಿ ತಿಂಗಳಿಗೆ 5,000 ರೂಪಾಯಿ ಇದ್ದರೆ? ಮೊದಲ ತಿಂಗಳು ಒಂದು ರೂಪಾಯಿಯನ್ನೂ ಜಾಹೀರಾತಿಗೆ ಹಾಕಬೇಡಿ. ಗೂಗಲ್ ಪ್ರೊಫೈಲ್, ವಾಟ್ಸಾಪ್ ಕ್ಯಾಟಲಾಗ್, ಒಳ್ಳೆಯ ಇಪ್ಪತ್ತು ಫೋಟೋ, ಗಿರಾಕಿಗಳ ಪಟ್ಟಿ ಮಾಡಿಕೊಳ್ಳಿ. ಫೋನ್ ಬಂದರೆ ಎತ್ತುವವರು ಯಾರು ಅಂತ ನಿಗದಿ ಮಾಡಿ. ಜಾಹೀರಾತು ಕೊಟ್ಟು ಫೋನ್ ಎತ್ತದ ಅಂಗಡಿಗಳು ನಮ್ಮ ಊರಲ್ಲಿ ಎಷ್ಟೋ ಇವೆ. ಎರಡನೇ ತಿಂಗಳು ಸಾವಿರ, ಎರಡು ಸಾವಿರದ ಬೂಸ್ಟ್ ಮಾಡಿ ನೋಡಿ. ಉಳಿದದ್ದನ್ನು ಕೂಡಿಟ್ಟು, ಹಬ್ಬ ಅಥವಾ ಸಿದ್ಧಗಂಗೆ ಜಾತ್ರೆಗೆ ಮೊದಲು ಒಟ್ಟಿಗೆ ರೇಡಿಯೋಗೆ ಹಾಕಿ. ರೇಡಿಯೋಗೆ ತಿಂಗಳು ತಿಂಗಳು ಚೂರು ಚೂರು ಕೊಟ್ಟರೆ ಯಾರ ಕಿವಿಗೂ ನಾಟುವುದಿಲ್ಲ.

ಫಲ ಅಳೆಯಲು ಗಲ್ಲಾ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಹೊಸ ಮುಖ ಬಂದರೆ ‘ಹೇಗೆ ಗೊತ್ತಾಯ್ತು?’ ಅಂತ ಕೇಳಿ ಗೀಟು ಹಾಕಿ. ಇನ್‌ಸ್ಟಾಗ್ರಾಮ್ ತಾನೇ ಲೆಕ್ಕ ಕೊಡುತ್ತದೆ, ರೇಡಿಯೋ ಕೊಡುವುದಿಲ್ಲ. ‘ರೇಡಿಯೋದಲ್ಲಿ ಕೇಳಿದೆ ಅಂದವರಿಗೆ ಒಂದು ಪೊಟ್ಟಣ ಚಟ್ನಿಪುಡಿ ಉಚಿತ’ ಅಂತ ಜಾಹೀರಾತಿನಲ್ಲೇ ಸೇರಿಸಿದರೆ ಲೆಕ್ಕ ಸಿಗುತ್ತದೆ. ಸ್ಟೇಷನ್‌ನವರ ಹತ್ತಿರ ಯಾವ ದಿನ, ಯಾವ ಹೊತ್ತಿಗೆ ಪ್ರಸಾರ ಆಯಿತು ಅನ್ನುವ ಪಟ್ಟಿ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಕೇಳುವುದರಲ್ಲಿ ಸಂಕೋಚ ಬೇಡ.

ತಿಪಟೂರು, ಪಾವಗಡದವರಿಗೆ

ಮೇಲಿನ ರೇಡಿಯೋ ಲೆಕ್ಕ ತುಮಕೂರು ಪಟ್ಟಣ ಮತ್ತು ಸುತ್ತಲಿನ ಹಳ್ಳಿಗೆ. ತಿಪಟೂರಿನವರಿಗೆ ಇಲ್ಲಿನ ಸಮುದಾಯ ರೇಡಿಯೋ ಕೇಳಿಸುವುದಿಲ್ಲ. ಅವರಿಗೆ ಕೊಬ್ಬರಿ ಹರಾಜಿನ ದಿನವೇ ಪ್ರಚಾರದ ದಿನ. ರೈತರ ಕೈಗೆ ದುಡ್ಡು ಬರುವುದು ಅವತ್ತೇ. ವಾಟ್ಸಾಪ್ ಸಂದೇಶವನ್ನು ಹಿಂದಿನ ದಿನ ಸಂಜೆ ಕಳಿಸಿ. ಪಾವಗಡದಲ್ಲಿ ತೆಲುಗು ಮನೆಮಾತಾದವರು ಬಹಳ. ಬರೆದು ಕಳಿಸುವ ಬದಲು ವಾಯ್ಸ್ ಮೆಸೇಜ್ ಮಾಡಿ, ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು. ಎರಡಕ್ಕೂ ಬೇರೆ ಬೇರೆ ಲಿಸ್ಟ್ ಇಟ್ಟುಕೊಂಡರೆ ಒಬ್ಬರಿಗೇ ಎರಡು ಸಲ ಹೋಗುವುದಿಲ್ಲ.